ಡೇಟಾಬೇಸಿಗೆ ಲೆಕ್ಕದ ಹೊಸ ಭಾಷೆ: ಹ್ಯಾಂಡ್ಲರ್ ಬರೆಯುವ ಬಗೆ

ಬ್ಯಾಡಗಿಯ ದಲಾಲಿ ಅಂಗಡಿಗಳಿಗೋ ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿಗೋ ಸಾಫ್ಟ್‌ವೇರ್ ಮಾಡಿಕೊಡುವವರು ನೀವಾಗಿದ್ದರೆ ಈ ಮಾತನ್ನು ಕೇಳಿಯೇ ಇರುತ್ತೀರಿ: “ಸರ, ಲೆಕ್ಕದಾಗ ಸ್ವಲ್ಪ ಬದಲಿ ಮಾಡಬೇಕ್ರಿ.” ಹಮಾಲಿ ದರ ಬದಲಾಗಿರುತ್ತದೆ, ಇಲ್ಲವೇ ಡಬ್ಬಿ ಮೆಣಸಿನಕಾಯಿಗೆ ಒಂದು ಸೂತ್ರ, ಕಡ್ಡಿಗೆ ಇನ್ನೊಂದು ಸೂತ್ರ ಬೇಕಾಗಿರುತ್ತದೆ. ಬದಲಾವಣೆ ಒಂದೇ ಸಾಲಿನದು. ಆದರೆ ಅದು ಬಿಲ್ಲಿನ ಪ್ರೋಗ್ರಾಮಿನಲ್ಲಿದೆ, ತೂಕದ ಕೌಂಟರಿನಲ್ಲಿದೆ, ಮಾಲೀಕರ ಮೊಬೈಲ್ ಆ್ಯಪಿನಲ್ಲೂ ಇದೆ. ಮೂರು ಕಡೆ ತಿದ್ದಿ, ಒಂದು ಕಡೆ ಮರೆತರೆ ಸಂಜೆ ಮೂರು ಬೇರೆ ಬೇರೆ ಮೊತ್ತ ಬರುತ್ತದೆ.

ಸೂತ್ರವನ್ನು ಡೇಟಾಬೇಸಿನೊಳಗೇ ಫಂಕ್ಷನ್ ಆಗಿ ಇಡುವುದು ಇದಕ್ಕೆ ಹಳೆಯ ಪರಿಹಾರ. ಮೂರೂ ಪ್ರೋಗ್ರಾಮುಗಳು ಅದನ್ನೇ ಕರೆಯುತ್ತವೆ. ಆಗ ಮುಂದಿನ ಪ್ರಶ್ನೆ ಏಳುತ್ತದೆ: ಅಂಗಡಿಯ ಗುಮಾಸ್ತರೇ ಸೂತ್ರ ತಿದ್ದಲಿ ಎಂದರೆ ಅವರ ಕೈಗೆ ಎಸ್‌ಕ್ಯೂಎಲ್ ಕೊಡುತ್ತೀರಾ? ಕೊಟ್ಟರೆ ಸೂತ್ರದ ಜಾಗದಲ್ಲಿ ‘ಡಿಲೀಟ್’ ಎಂದೂ ಬರೆಯಬಹುದು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಿಟ್ಟು ಬೇರೇನೂ ಮಾಡಲಾಗದ, ಕನ್ನಡದಲ್ಲೇ ಓದಿಸಿಕೊಳ್ಳುವ ಒಂದು ಪುಟ್ಟ ಭಾಷೆಯನ್ನು ಡೇಟಾಬೇಸಿಗೇ ಕಲಿಸಿಬಿಟ್ಟರೆ? ಪೋಸ್ಟ್‌ಗ್ರೆಸ್‌ನಲ್ಲಿ ಇದು ಸಾಧ್ಯ. ಹಾಗೆ ಕಲಿಸುವ ಕೊಂಡಿಗೆ ಪ್ರೊಸೀಜರಲ್ ಲ್ಯಾಂಗ್ವೇಜ್ ಹ್ಯಾಂಡ್ಲರ್ ಎನ್ನುತ್ತಾರೆ.

ಸಿ ಭಾಷೆ ಬಲ್ಲ, ಪೋಸ್ಟ್‌ಗ್ರೆಸ್‌ನಲ್ಲಿ ಒಂದೆರಡು ಫಂಕ್ಷನ್ ಬರೆದ ಅನುಭವ ಇರುವ ಓದುಗರಿಗಾಗಿ ಈ ಲೇಖನ. ಕಮಾಂಡುಗಳನ್ನೂ ಸಿ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಇದು ಕೆಲಸ ಮಾಡುವುದು ಹೇಗೆ

ಪೋಸ್ಟ್‌ಗ್ರೆಸ್‌ಗೆ ಹುಟ್ಟಿನಿಂದ ಗೊತ್ತಿರುವುದು ಎಸ್‌ಕ್ಯೂಎಲ್ ಮತ್ತು ಸಿ ಮಾತ್ರ. ಉಳಿದ ಯಾವ ಭಾಷೆಯ ಫಂಕ್ಷನ್ ಬಂದರೂ ಅದರ ಒಡಲು ಡೇಟಾಬೇಸಿಗೆ ಬರೀ ಪಠ್ಯ. ಫಂಕ್ಷನ್ ಸೃಷ್ಟಿಯಾದಾಗ ಆ ಪಠ್ಯ ‘ಪಿಜಿ_ಪ್ರಾಕ್’ ಎಂಬ ಕ್ಯಾಟಲಾಗ್ ಟೇಬಲ್ಲಿನ ‘ಪ್ರೊಸೋರ್ಸ್’ ಕಾಲಮ್ಮಿನಲ್ಲಿ ಹಾಗೆಯೇ ಕೂರುತ್ತದೆ. ಯಾರಾದರೂ ಆ ಫಂಕ್ಷನ್ ಕರೆದಾಗ ಡೇಟಾಬೇಸ್ ಅದರ ಭಾಷೆ ಯಾವುದೆಂದು ನೋಡಿ, ಆ ಭಾಷೆಯ ಹೆಸರಲ್ಲಿ ನೋಂದಾಯಿಸಿದ ಸಿ ಫಂಕ್ಷನ್ನನ್ನು ಕರೆಯುತ್ತದೆ. ಆ ಸಿ ಫಂಕ್ಷನ್ನೇ ಹ್ಯಾಂಡ್ಲರ್.

ಇದು ದಲಾಲಿ ಅಂಗಡಿಯವನ ಕೆಲಸ. ಮಾಲು ಅವನದಲ್ಲ, ಹಣವೂ ಅವನದಲ್ಲ. ಒಂದು ಕಡೆಯಿಂದ ಬಂದದ್ದನ್ನು ಅಳತೆ ತಪ್ಪದೆ ಇನ್ನೊಂದು ಕಡೆಗೆ ಮುಟ್ಟಿಸಿ, ಬಂದ ಹಣವನ್ನು ಸರಿಯಾಗಿ ಹಿಂತಿರುಗಿಸಬೇಕು. ಹ್ಯಾಂಡ್ಲರ್ ಬರೆಯಲು ಕೂತವರು ಭಾಷೆಯ ವ್ಯಾಕರಣಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾದ ಕಷ್ಟ ಅಲ್ಲಿಲ್ಲ. ಯಾವ ಮೆಮೊರಿ ಯಾರದ್ದು, ಅದು ಎಷ್ಟು ಹೊತ್ತು ಬದುಕಿರುತ್ತದೆ, ತಪ್ಪು ಸಂಭವಿಸಿದಾಗ ಹಿಡಿತ ಎಲ್ಲಿಗೆ ಹಾರುತ್ತದೆ — ಈ ಮೂರು ತಿಳಿದರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

ಈ ವ್ಯವಸ್ಥೆ ಹೊಸದೇನಲ್ಲ. ಪೋಸ್ಟ್‌ಗ್ರೆಸ್ 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ನೇತೃತ್ವದಲ್ಲಿ ಶುರುವಾದಾಗಲೇ ‘ಹೊರಗಿನಿಂದ ಬೆಳೆಸಬಹುದಾದ ಡೇಟಾಬೇಸ್’ ಎಂಬುದು ಅದರ ಗುರಿಯಾಗಿತ್ತು. ಯಾನ್ ವೀಕ್ ಬರೆದ ಪಿಎಲ್/ಪಿಜಿಎಸ್‌ಕ್ಯೂಎಲ್ 1998ರ 6.4 ಆವೃತ್ತಿಯಲ್ಲಿ ಬಂತು. ನಾವು ದಿನಾ ಬಳಸುವ ಈ ಭಾಷೆಯೂ ಡೇಟಾಬೇಸಿನ ಪಾಲಿಗೆ ಹೊರಗಿನದೇ, ಒಂದು ಹ್ಯಾಂಡ್ಲರ್ ಮೂಲಕವೇ ಓಡುತ್ತದೆ. ಪರ್ಲ್, ಪೈಥಾನ್, ಟಿಕಲ್ ಭಾಷೆಗಳ ಹ್ಯಾಂಡ್ಲರ್‌ಗಳು ಮೂಲ ಸೋರ್ಸಿನಲ್ಲೇ ಸಿಗುತ್ತವೆ. ಕಲಿಯುವವರಿಗಾಗಿಯೇ ಬರೆದ ‘ಪಿಎಲ್‌ಸ್ಯಾಂಪಲ್’ ಎಂಬ ಚಿಕ್ಕ ಮಾದರಿ 14ನೇ ಆವೃತ್ತಿಯಿಂದ ಟೆಸ್ಟ್ ಮಾಡ್ಯೂಲುಗಳ ಫೋಲ್ಡರಿನಲ್ಲಿದೆ. ಈ ಲೇಖನ ಓದಿದ ಮೇಲೆ ಮೊದಲು ತೆರೆಯಬೇಕಾದ ಫೈಲ್ ಅದು.

ನಮ್ಮ ಪುಟ್ಟ ಭಾಷೆ

ಭಾಷೆಗೆ ‘ಲೆಕ್ಕ’ ಎಂದು ಹೆಸರಿಡೋಣ. ಅದರಲ್ಲಿ ಬರೆದ ಒಂದು ಫಂಕ್ಷನ್ ಹೀಗಿರುತ್ತದೆ:

ಕ್ರಿಯೇಟ್ ಫಂಕ್ಷನ್ ಚೀಲದ_ಹಣ (ತೂಕ ನ್ಯೂಮೆರಿಕ್, ದರ ನ್ಯೂಮೆರಿಕ್, ಖರ್ಚು ನ್ಯೂಮೆರಿಕ್)
ರಿಟರ್ನ್ಸ್ ನ್ಯೂಮೆರಿಕ್
ಲ್ಯಾಂಗ್ವೇಜ್ ಲೆಕ್ಕ
ಆ್ಯಸ್ $$ ತೂಕ * ದರ / 100 - ಖರ್ಚು $$;

ತೂಕ ಕಿಲೋದಲ್ಲಿ, ದರ ಕ್ವಿಂಟಲಿಗೆ, ಆದ್ದರಿಂದ 100ರಿಂದ ಭಾಗಾಕಾರ. 43.5 ಕಿಲೋ ಚೀಲ, ಕ್ವಿಂಟಲಿಗೆ 30,000 ರೂಪಾಯಿ ಎಂದುಕೊಂಡರೆ ಖರ್ಚು ಕಳೆಯುವ ಮೊದಲು 13,050 ರೂಪಾಯಿ. ಈ ಭಾಷೆಯಲ್ಲಿ ಟೇಬಲ್ ಓದುವ, ಬರೆಯುವ ದಾರಿಯೇ ಇಲ್ಲ. ಈ ಕೊರತೆಯೇ ನಮಗೆ ಬೇಕಾದದ್ದು. ಚೀಲದ_ಹಣ, ತೂಕ, ದರ ಮುಂತಾದ ಹೆಸರುಗಳನ್ನು ಪೋಸ್ಟ್‌ಗ್ರೆಸ್ ಉದ್ಧರಣ ಚಿಹ್ನೆ ಇಲ್ಲದೆಯೂ ಒಪ್ಪುತ್ತದೆ. ಅದರ ಸ್ಕ್ಯಾನರ್ ಇಂಗ್ಲಿಷೇತರ ಬೈಟುಗಳನ್ನೆಲ್ಲ ಅಕ್ಷರವೆಂದೇ ಎಣಿಸುತ್ತದೆ.

ಕನ್ನಡದಲ್ಲೇ ಇರಲಿ ಎನ್ನುವುದಕ್ಕೆ ಭಾಷಾಭಿಮಾನ ಒಂದೇ ಕಾರಣವಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿ ದರದ ಅಂಕಿ ಹಗುರದ ವಿಷಯವಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಆವತ್ತಿನ ಸಿಟ್ಟು ದರದ ಮೇಲಿತ್ತು, ಯಾವ ಸಾಫ್ಟ್‌ವೇರೂ ಅದನ್ನು ತಡೆಯುತ್ತಿರಲಿಲ್ಲ. ಆದರೂ “ಇಷ್ಟೇ ಯಾಕೆ ಬಂತು?” ಎಂದು ರೈತ ಕೇಳಿದಾಗ ಪರದೆಯ ಮೇಲೆ ಸೂತ್ರವನ್ನೇ ತೆಗೆದು ತೋರಿಸಲು ಬರಬೇಕು, ಅದು ಅವನಿಗೆ ಓದಲು ಬರಬೇಕು.

ಮೊದಲೇ ಒಂದು ಮಾತು: ನಿಮ್ಮ ಅಂಗಡಿಯಲ್ಲಿ ಸೂತ್ರ ತಿದ್ದುವವರು ನೀವೊಬ್ಬರೇ ಆಗಿದ್ದರೆ ಹ್ಯಾಂಡ್ಲರ್ ಬೇಡ, ಪಿಎಲ್/ಪಿಜಿಎಸ್‌ಕ್ಯೂಎಲ್ ಸಾಕು. ಬೇರೆಯವರ ಕೈಗೆ ಸೂತ್ರ ಬಿಟ್ಟುಕೊಡಬೇಕಾದಾಗ ಮಾತ್ರ ಈ ದಾರಿಗೆ ಬೆಲೆ.

ಹಂತ ಹಂತವಾಗಿ

1. ಬೇರೆ ಯಂತ್ರ ಇಟ್ಟುಕೊಳ್ಳಿ. ಹ್ಯಾಂಡ್ಲರ್ ಓಡುವುದು ಡೇಟಾಬೇಸ್ ಸರ್ವರಿನ ಪ್ರೊಸೆಸ್ಸಿನೊಳಗೇ. ನಿಮ್ಮ ಒಂದು ತಪ್ಪು ಪಾಯಿಂಟರ್‌ನಿಂದ ಒಂದು ಪ್ರೊಸೆಸ್ ಬಿದ್ದರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಗ್ರೆಸ್ ಉಳಿದೆಲ್ಲ ಸಂಪರ್ಕಗಳನ್ನೂ ಕಡಿದು ರಿಕವರಿಗೆ ಹೋಗುತ್ತದೆ. ಟೆಂಡರ್ ದಿನ ಮಧ್ಯಾಹ್ನ ಇಡೀ ಅಂಗಡಿಯ ಬಿಲ್ಲಿಂಗ್ ನಿಂತರೆ ಏನಾಗುತ್ತದೆಂದು ಹೇಳಬೇಕಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸೋರ್ಸಿನಿಂದಲೇ ಪೋಸ್ಟ್‌ಗ್ರೆಸ್ ಕಟ್ಟಿಕೊಳ್ಳಿ, ಕಟ್ಟುವಾಗ ‘ಎನೇಬಲ್ ಸಿಅಸರ್ಟ್’ ಆಯ್ಕೆ ಕೊಡಿ. ಆಗ ಬಿಟ್ಟುಕೊಟ್ಟ ಮೆಮೊರಿಯ ಮೇಲೆ ಕಸ ಬರೆಯಲಾಗುತ್ತದೆ. ಎಂದೋ ಒಮ್ಮೆ ಕಾಣಿಸಬೇಕಿದ್ದ ದೋಷ ಮೊದಲ ದಿನವೇ ಕಾಣುತ್ತದೆ. ಇದೊಂದು ಆಯ್ಕೆ ಉಳಿಸುವ ರಾತ್ರಿಗಳಿಗೆ ಲೆಕ್ಕವಿಲ್ಲ.

2. ನಾಲ್ಕು ಫೈಲ್‌ಗಳನ್ನು ಸಿದ್ಧಮಾಡಿ. ಸಿ ಸೋರ್ಸ್, ಎಕ್ಸ್‌ಟೆನ್ಷನ್ನಿನ ಕಂಟ್ರೋಲ್ ಫೈಲ್, 1.0 ಆವೃತ್ತಿಯ ಎಸ್‌ಕ್ಯೂಎಲ್ ಸ್ಕ್ರಿಪ್ಟ್, ಮೇಕ್‌ಫೈಲ್. ಮೇಕ್‌ಫೈಲಿನಲ್ಲಿ ‘ಪಿಜಿಎಕ್ಸ್‌ಎಸ್’ ಬಳಸಿದರೆ ಹೆಡರ್‌ಗಳು ಎಲ್ಲಿವೆ, ಲೈಬ್ರರಿ ಎಲ್ಲಿಗೆ ಹೋಗಬೇಕು ಎಂಬುದನ್ನು ‘ಪಿಜಿ_ಕಾನ್ಫಿಗ್’ ಹೇಳಿಕೊಡುತ್ತದೆ. ಉಬುಂಟುವಿನ ಪ್ಯಾಕೇಜನ್ನೇ ಬಳಸುವವರು ತಮ್ಮ ಆವೃತ್ತಿಯ ‘ಸರ್ವರ್ ಡೆವ್’ ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.

3. ನೋಂದಣಿಯ ಸ್ಕ್ರಿಪ್ಟ್ ಬರೆಯಿರಿ. ಇದರಲ್ಲಿ ಮೂರು ಸಿ ಫಂಕ್ಷನ್‌ಗಳ ಘೋಷಣೆ, ಕೊನೆಗೆ ಭಾಷೆಯ ಘೋಷಣೆ:

ಕಾಲ್ ಹ್ಯಾಂಡ್ಲರ್: ಯಾವ ಆರ್ಗ್ಯುಮೆಂಟೂ ಇಲ್ಲ, ‘ಲ್ಯಾಂಗ್ವೇಜ್_ಹ್ಯಾಂಡ್ಲರ್’ ಎಂಬ ವಿಶೇಷ ಟೈಪ್ ಹಿಂತಿರುಗಿಸುತ್ತದೆ.
ಇನ್‌ಲೈನ್ ಹ್ಯಾಂಡ್ಲರ್: ‘ಇಂಟರ್ನಲ್’ ಟೈಪಿನ ಒಂದು ಆರ್ಗ್ಯುಮೆಂಟ್. ‘ಡು’ ಕಮಾಂಡಿನಿಂದ ಹೆಸರಿಲ್ಲದ ತುಣುಕನ್ನು ಓಡಿಸಲು ಇದು ಬೇಕು.
ವ್ಯಾಲಿಡೇಟರ್: ಫಂಕ್ಷನ್ನಿನ ಓಐಡಿ (ಕ್ಯಾಟಲಾಗಿನಲ್ಲಿ ಅದರ ಗುರುತಿನ ಸಂಖ್ಯೆ) ಒಂದೇ ಆರ್ಗ್ಯುಮೆಂಟ್. ಫಂಕ್ಷನ್ ಸೃಷ್ಟಿಯಾಗುವಾಗಲೇ ಒಡಲನ್ನು ಪರೀಕ್ಷಿಸುತ್ತದೆ.

ಕಡ್ಡಾಯ ಮೊದಲನೆಯದು ಮಾತ್ರ. ನಮ್ಮ ‘ಲೆಕ್ಕ’ಕ್ಕೆ ಇನ್‌ಲೈನ್ ಬೇಕಿಲ್ಲ. ಉತ್ತರವನ್ನೇ ಹಿಂತಿರುಗಿಸದ ಜಾಗದಲ್ಲಿ ಬರೀ ಸೂತ್ರಕ್ಕೆ ಏನು ಕೆಲಸ? ವ್ಯಾಲಿಡೇಟರನ್ನು ಮಾತ್ರ ಖಂಡಿತ ಬಿಡಬೇಡಿ. ಭಾಷೆ ನೋಂದಾಯಿಸಲು ಸೂಪರ್‌ಯೂಸರ್ ಅಧಿಕಾರ ಬೇಕು.

4. ಕಾಲ್ ಹ್ಯಾಂಡ್ಲರಿನ ಮೊದಲ ಅರ್ಧ: ಬಂದವರು ಯಾರು? ಹ್ಯಾಂಡ್ಲರಿಗೆ ಬರುವ ರಚನೆಯ ಹೆಸರು ‘ಎಫ್‌ಸಿಇನ್ಫೋ’. ಮೊದಲು ಇದು ಟ್ರಿಗರ್ ಕರೆಯೇ ಎಂದು ‘ಕಾಲ್ಡ್_ಆ್ಯಸ್_ಟ್ರಿಗರ್’ ಮ್ಯಾಕ್ರೊದಿಂದ ಕೇಳಿ, ಹೌದಾದರೆ ಸದ್ಯಕ್ಕೆ ‘ಬೆಂಬಲವಿಲ್ಲ’ ಎಂದು ಎರರ್ ಕೊಟ್ಟುಬಿಡಿ. ಇವೆಂಟ್ ಟ್ರಿಗರಿಗೂ ಅದೇ. ಸಾಮಾನ್ಯ ಕರೆಯಾದರೆ ಎಫ್‌ಸಿಇನ್ಫೋದ ಒಳಗಿರುವ ‘ಎಫ್‌ಎನ್_ಓಐಡಿ’ಯಿಂದ ಯಾವ ಫಂಕ್ಷನ್ ಎಂದು ತಿಳಿಯುತ್ತದೆ. ಆ ಓಐಡಿ ಹಿಡಿದು ‘ಸರ್ಚ್‌ಸಿಸ್‌ಕ್ಯಾಶ್1’ ಮೂಲಕ ಪಿಜಿ_ಪ್ರಾಕ್‌ನ ಸಾಲು ತೆಗೆಯಿರಿ. ಪ್ರೊಸೋರ್ಸ್ ಪಠ್ಯವನ್ನು ಸಿ ಸ್ಟ್ರಿಂಗ್ ಆಗಿ ಪ್ರತಿ ಮಾಡಿಕೊಳ್ಳಿ, ಆರ್ಗ್ಯುಮೆಂಟುಗಳ ಹೆಸರು ಮತ್ತು ಟೈಪುಗಳನ್ನು ‘ಗೆಟ್_ಫಂಕ್_ಆರ್ಗ್_ಇನ್ಫೋ’ದಿಂದ ಪಡೆಯಿರಿ, ಆಮೇಲೆ ‘ರಿಲೀಸ್‌ಸಿಸ್‌ಕ್ಯಾಶ್’ ಮಾಡಿ. ಈ ಅನುಕ್ರಮ ಮುಖ್ಯ. ಬಿಡುಗಡೆ ಮರೆತರೆ ಕ್ಯಾಶ್ ಸೋರಿಕೆಯ ಎಚ್ಚರಿಕೆ ಲಾಗಿನಲ್ಲಿ ಸಾಲುಗಟ್ಟುತ್ತದೆ. ಪ್ರತಿ ಮಾಡದೆ ಬಿಡುಗಡೆ ಮಾಡಿದರೆ ನಿಮ್ಮ ಪಾಯಿಂಟರ್ ಯಾವುದನ್ನೂ ನಂಬುವಂತಿಲ್ಲದ ಜಾಗಕ್ಕೆ ಬೆರಳು ತೋರುತ್ತಿರುತ್ತದೆ.

5. ಎರಡನೆಯ ಅರ್ಧ: ಲೆಕ್ಕ ಮಾಡುವುದು. ಎಲ್ಲ ಟೈಪುಗಳನ್ನೂ ಒಪ್ಪುವ ಹ್ಯಾಂಡ್ಲರಿಗೆ ಪ್ರತಿ ಟೈಪಿನ ಔಟ್‌ಪುಟ್ ಫಂಕ್ಷನ್ ಕರೆದು ಪಠ್ಯ ಮಾಡಿಕೊಂಡು, ಉತ್ತರವನ್ನು ಇನ್‌ಪುಟ್ ಫಂಕ್ಷನ್ ಮೂಲಕ ಮತ್ತೆ ಟೈಪಿಗೆ ತಿರುಗಿಸುವ ಕೆಲಸ ಇರುತ್ತದೆ. ಪಿಎಲ್‌ಸ್ಯಾಂಪಲ್ ಹಾಗೆಯೇ ಮಾಡುತ್ತದೆ. ನಾವು ಒಂದು ಕಟ್ಟುಪಾಡು ಹಾಕಿಕೊಂಡು ಅದರಿಂದ ಪಾರಾಗೋಣ: ಒಳಬರುವುದೂ ಹೊರಹೋಗುವುದೂ ನ್ಯೂಮೆರಿಕ್ ಮಾತ್ರ. ಆಗ ಪಾರ್ಸರ್ ಒಂದು ಕೂಡುವ ಚಿಹ್ನೆ ಕಂಡರೆ ‘ಡೈರೆಕ್ಟ್‌ಫಂಕ್ಷನ್‌ಕಾಲ್2’ ಮೂಲಕ ಪೋಸ್ಟ್‌ಗ್ರೆಸ್‌ನದೇ ‘ನ್ಯೂಮೆರಿಕ್_ಆ್ಯಡ್’ ಕರೆದರಾಯಿತು. ಗುಣಾಕಾರಕ್ಕೆ ‘ನ್ಯೂಮೆರಿಕ್_ಮುಲ್’, ಭಾಗಾಕಾರಕ್ಕೆ ‘ನ್ಯೂಮೆರಿಕ್_ಡಿವ್’. ಸೊನ್ನೆಯಿಂದ ಭಾಗಿಸಿದರೆ ಎರರ್ ಅದೇ ಕೊಡುತ್ತದೆ, ನೀವು ಬರೆಯಬೇಕಿಲ್ಲ. ಹಣದ ಲೆಕ್ಕಕ್ಕೆ ಸಿ ಭಾಷೆಯ ‘ಡಬಲ್’ ಬಳಸುವ ಆಸೆಗೆ ಬಲಿಯಾಗಬೇಡಿ. ಅದರಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ಒಂದು ಚೀಲದಲ್ಲಿ ಕಾಣದ ಈ ವ್ಯತ್ಯಾಸ ವರ್ಷದ ಲೆಕ್ಕ ತಾಳೆ ನೋಡುವಾಗ ಪೈಸೆಗಳಾಗಿ ಎದ್ದು ಬರುತ್ತದೆ.

ಆರ್ಗ್ಯುಮೆಂಟುಗಳ ಬೆಲೆ ‘ಆರ್ಗ್ಸ್’ ಎಂಬ ಅರೇಯಲ್ಲಿದೆ. ಪ್ರತಿಯೊಂದಕ್ಕೂ ‘ವ್ಯಾಲ್ಯೂ’ ಮತ್ತು ‘ಈಸ್‌ನಲ್’ ಎಂಬ ಎರಡು ಭಾಗ. ಇದು 12ನೇ ಆವೃತ್ತಿಯಿಂದ ಬಂದ ರೂಪ. ಅದಕ್ಕಿಂತ ಹಳೆಯ ಪುಸ್ತಕ ನೋಡಿ ಬರೆದ ಕೋಡ್ ಈಗ ಕಂಪೈಲ್ ಆಗುವುದಿಲ್ಲ. ನಲ್ ಅನ್ನು ಸೊನ್ನೆ ಎಂದು ತಿಳಿಯಬೇಡಿ. ಇನ್ನೂ ತೂಕ ಆಗದ ಚೀಲದ ತೂಕ ನಲ್, ಅದು ಸೊನ್ನೆ ಕಿಲೋ ಅಲ್ಲ. ಸೂತ್ರದಲ್ಲಿ ಒಂದಾದರೂ ನಲ್ ಇದ್ದರೆ ಉತ್ತರವೂ ನಲ್ ಎಂದು ಹಿಂತಿರುಗಿಸಿ.

6. ಒಮ್ಮೆ ಪಾರ್ಸ್ ಮಾಡಿದ್ದನ್ನು ಉಳಿಸಿಕೊಳ್ಳಿ. ಒಂದು ಕ್ವೆರಿ ಹತ್ತು ಸಾವಿರ ಚೀಲಗಳಿಗೆ ಈ ಫಂಕ್ಷನ್ ಕರೆದರೆ ಹ್ಯಾಂಡ್ಲರ್ ಹತ್ತು ಸಾವಿರ ಸಲ ಓಡುತ್ತದೆ. ಪ್ರತಿ ಸಲ ಪಠ್ಯ ಓದಿ ಪಾರ್ಸ್ ಮಾಡುವುದು ದಂಡ. ಅದಕ್ಕೆಂದೇ ‘ಎಫ್‌ಎನ್_ಎಕ್ಸ್‌ಟ್ರಾ’ ಎಂಬ ಖಾಲಿ ಪಾಯಿಂಟರ್ ಇಟ್ಟಿದ್ದಾರೆ. ಮೊದಲ ಕರೆಯಲ್ಲಿ ಅದು ಖಾಲಿ ಇರುತ್ತದೆ. ಪಾರ್ಸ್ ಮಾಡಿ, ಸಿಕ್ಕ ಮರವನ್ನು ‘ಎಫ್‌ಎನ್_ಎಂಸಿಎಕ್ಸ್‌ಟಿ’ ಎಂಬ ಮೆಮೊರಿ ಕಾಂಟೆಕ್ಸ್ಟಿನಲ್ಲಿ (ಒಟ್ಟಿಗೇ ಅಳಿಸಿಹೋಗುವ ಮೆಮೊರಿಯ ಗುಂಪಿನಲ್ಲಿ) ಕಟ್ಟಿ ಅಲ್ಲಿಗೆ ಜೋಡಿಸಿ. ಮರವನ್ನು ಚಾಲ್ತಿಯಲ್ಲಿರುವ ಕಾಂಟೆಕ್ಸ್ಟಿನಲ್ಲಿ ಕಟ್ಟಿದರೆ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಅದು ಅಳಿಸಿಹೋಗಿರುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಈ ಸಂಗ್ರಹ ಸಾಮಾನ್ಯವಾಗಿ ಆ ಕ್ವೆರಿಯ ಜೊತೆಗೇ ಮುಗಿಯುವುದರಿಂದ ಗುಮಾಸ್ತರು ಸೂತ್ರ ಬದಲಿಸಿದರೆ ಮುಂದಿನ ಕ್ವೆರಿ ಹೊಸದನ್ನೇ ಓದುತ್ತದೆ. ಪಿಎಲ್/ಪಿಜಿಎಸ್‌ಕ್ಯೂಎಲ್ ಹಾಗೆ ಸೆಷನ್ ಪೂರ್ತಿ ಉಳಿಸಿಕೊಳ್ಳುವುದಾದರೆ, ಪಿಜಿ_ಪ್ರಾಕ್‌ನ ಸಾಲು ನಡುವೆ ಬದಲಾಗಿದೆಯೇ ಎಂದು ಪ್ರತಿ ಸಲ ತಾಳೆ ನೋಡಬೇಕು. ಮೊದಲ ಆವೃತ್ತಿಯಲ್ಲಿ ಆ ಉಸಾಬರಿ ಬೇಡ.

7. ವ್ಯಾಲಿಡೇಟರನ್ನು ಬಿಗಿಯಾಗಿ ಬರೆಯಿರಿ. ಮೊದಲ ಸಾಲಿನಲ್ಲಿ ‘ಚೆಕ್‌ಫಂಕ್ಷನ್‌ವ್ಯಾಲಿಡೇಟರ್‌ಆ್ಯಕ್ಸೆಸ್’ ಕರೆಯಿರಿ. ಅದು ಇಲ್ಲದಿದ್ದರೆ ಬೇರೆಯವರ ಫಂಕ್ಷನ್‌ಗಳ ಮೇಲೆ ನಿಮ್ಮ ವ್ಯಾಲಿಡೇಟರನ್ನು ಯಾರು ಬೇಕಾದರೂ ಓಡಿಸಬಹುದು. ಆಮೇಲೆ ಎಲ್ಲ ಟೈಪುಗಳೂ ನ್ಯೂಮೆರಿಕ್ಕೇ, ಡೇಟಾಬೇಸಿನ ಎನ್‌ಕೋಡಿಂಗ್ ಯುಟಿಎಫ್-8ಏ, ಒಡಲಿನಲ್ಲಿರುವ ಪ್ರತಿ ಹೆಸರೂ ಆರ್ಗ್ಯುಮೆಂಟ್ ಪಟ್ಟಿಯಲ್ಲಿದೆಯೇ, ಆವರಣಗಳು ಸರಿಯಾಗಿ ಮುಚ್ಚಿವೆಯೇ ಎಂದು ನೋಡಿ. ತಪ್ಪಿದ್ದರೆ ‘ಇರಿಪೋರ್ಟ್’ ಮೂಲಕ ಎರರ್ ಎಸೆಯಿರಿ, ಫಂಕ್ಷನ್ ಸೃಷ್ಟಿಯೇ ರದ್ದಾಗುತ್ತದೆ. ಸಂದೇಶವನ್ನು ಕನ್ನಡದಲ್ಲೇ ಬರೆಯಿರಿ: “‘ಧರ’ ಎಂಬ ಹೆಸರು ಈ ಸೂತ್ರದ ಪಟ್ಟಿಯಲ್ಲಿಲ್ಲ” ಎಂದು ಕಂಡರೆ ಗುಮಾಸ್ತರಿಗೆ ತಮ್ಮ ಕಾಗುಣಿತ ತಪ್ಪು ಆ ಕ್ಷಣವೇ ಗೊತ್ತಾಗುತ್ತದೆ.

‘ಚೆಕ್_ಫಂಕ್ಷನ್_ಬಾಡೀಸ್’ ಎಂಬ ಸೆಟ್ಟಿಂಗ್ ಆಫ್ ಆಗಿದ್ದರೆ ಒಡಲಿನ ಪರೀಕ್ಷೆ ಬಿಟ್ಟುಬಿಡಿ. ಬ್ಯಾಕಪ್ ಮರಳಿಸುವಾಗ ‘ಪಿಜಿ_ಡಂಪ್’ ಅದನ್ನು ಆಫ್ ಮಾಡಿಯೇ ಫಂಕ್ಷನ್‌ಗಳನ್ನು ಸೃಷ್ಟಿಸುತ್ತದೆ. ಬ್ಯಾಡಗಿಯ ಅಂಗಡಿಯ ಬ್ಯಾಕಪ್ಪನ್ನು ಹಾವೇರಿಯ ಮುಖ್ಯ ಕಚೇರಿಯ ಯಂತ್ರದಲ್ಲಿ ಮರಳಿಸುತ್ತೀರಿ ಎಂದುಕೊಳ್ಳಿ. ಡಂಪ್ ಫೈಲಿನಲ್ಲಿ ‘ಕ್ರಿಯೇಟ್ ಎಕ್ಸ್‌ಟೆನ್ಷನ್’ ಎಂಬ ಒಂದು ಸಾಲು ಇರುತ್ತದೆಯೇ ಹೊರತು ನಿಮ್ಮ ಕಂಪೈಲ್ ಆದ ಲೈಬ್ರರಿ ಇರುವುದಿಲ್ಲ. ಅದನ್ನು ಹಾವೇರಿಯಲ್ಲಿ ಮೊದಲೇ ಇನ್‌ಸ್ಟಾಲ್ ಮಾಡಿರಬೇಕು. ಬ್ಯಾಕಪ್ ಇದೆ ಎಂದು ನೆಮ್ಮದಿಯಿಂದಿದ್ದು, ಮರಳಿಸುವ ದಿನ ಪರದಾಡುವುದು ಇದರಿಂದಲೇ.

8. ಟ್ರಸ್ಟೆಡ್ ಮಾಡುವ ಮೊದಲು ಯೋಚಿಸಿ. ‘ಟ್ರಸ್ಟೆಡ್’ ಎಂದು ಘೋಷಿಸದ ಭಾಷೆಯಲ್ಲಿ ಫಂಕ್ಷನ್ ಬರೆಯಲು ಸೂಪರ್‌ಯೂಸರಿಗೆ ಮಾತ್ರ ಸಾಧ್ಯ. ಘೋಷಿಸಿದರೆ ಬಳಸುವ ಹಕ್ಕು ತಾನಾಗಿ ಎಲ್ಲರಿಗೂ ಸಿಗುತ್ತದೆ. ಫೈಲ್ ತೆರೆಯುವ, ನೆಟ್‌ವರ್ಕ್ ಮುಟ್ಟುವ ದಾರಿ ಇಲ್ಲದ ಭಾಷೆಗೆ ಮಾತ್ರ ಈ ಪದ ಹೊಂದುತ್ತದೆ. ‘ಲೆಕ್ಕ’ಕ್ಕೆ ಹೊಂದುತ್ತದೆ. ಹೀಗಿದ್ದರೂ ಪಬ್ಲಿಕ್‌ನಿಂದ ಯೂಸೇಜ್ ಹಕ್ಕನ್ನು ‘ರಿವೋಕ್’ ಮಾಡಿ ಗುಮಾಸ್ತರ ರೋಲಿಗೆ ಮಾತ್ರ ‘ಗ್ರ್ಯಾಂಟ್’ ಮಾಡುವುದು ಜಾಣತನ.

ಒಂದು ಸಂದು ಮಾತ್ರ ಉಳಿದಿರುತ್ತದೆ. ಯಾರಾದರೂ ಲಕ್ಷ ಆವರಣ ಚಿಹ್ನೆಗಳನ್ನು ತೆರೆದ ಸೂತ್ರ ಬರೆದರೆ ನಿಮ್ಮ ಪಾರ್ಸರ್ ತನ್ನನ್ನು ತಾನೇ ಲಕ್ಷ ಸಲ ಕರೆದುಕೊಂಡು ಸ್ಟ್ಯಾಕ್ ತುಂಬಿ ಸರ್ವರ್ ಬೀಳುತ್ತದೆ. ತನ್ನನ್ನೇ ಕರೆಯುವ ಪ್ರತಿ ಫಂಕ್ಷನ್ನಿನ ಆರಂಭದಲ್ಲಿ ‘ಚೆಕ್_ಸ್ಟ್ಯಾಕ್_ಡೆಪ್ತ್’ ಕರೆದರೆ ಸರ್ವರ್ ಬೀಳುವ ಬದಲು ಸಭ್ಯವಾದ ಎರರ್ ಬರುತ್ತದೆ. ಮುಂದೆ ಭಾಷೆಗೆ ಲೂಪ್ ಸೇರಿಸಿದರೆ ಪ್ರತಿ ಸುತ್ತಿನಲ್ಲೂ ‘ಚೆಕ್_ಫಾರ್_ಇಂಟರಪ್ಟ್ಸ್’ ಹಾಕಿ. ಇಲ್ಲದಿದ್ದರೆ ಸುತ್ತುತ್ತಲೇ ಇರುವ ಕ್ವೆರಿಯನ್ನು ನಿಲ್ಲಿಸಲು ‘ಕ್ಯಾನ್ಸಲ್’ ಒತ್ತಿದರೂ ಫಲವಿಲ್ಲ.

9. ಪರೀಕ್ಷೆ. ಎಸ್‌ಕ್ಯೂಎಲ್ ಫೋಲ್ಡರಿನಲ್ಲಿ ಪ್ರಶ್ನೆ, ಎಕ್ಸ್‌ಪೆಕ್ಟೆಡ್ ಫೋಲ್ಡರಿನಲ್ಲಿ ಸರಿಯುತ್ತರ ಇಟ್ಟು ‘ಮೇಕ್ ಇನ್‌ಸ್ಟಾಲ್‌ಚೆಕ್’ ಓಡಿಸಿ. ಸರಿಯಾದ ಸೂತ್ರಗಳಿಗಿಂತ ತಪ್ಪು ಸೂತ್ರಗಳ ಪರೀಕ್ಷೆಯೇ ಹೆಚ್ಚಿರಲಿ.

ಕನ್ನಡ ಬರೆದಾಗ ಮಾತ್ರ ಬರುವ ತೊಂದರೆಗಳು

ಹ್ಯಾಂಡ್ಲರ್ ಬಗೆಗಿನ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಭಾಗ ಸಿಗುವುದಿಲ್ಲ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ — ಅಕ್ಷರವಾಗಲಿ, ಗುಣಿತದ ಚಿಹ್ನೆಯಾಗಲಿ, ಹಲಂತದ ಚಿಹ್ನೆಯಾಗಲಿ — 3 ಬೈಟ್. ‘ಮೆಣಸಿನಕಾಯಿ’ ಎಂಬ ಪದವೊಂದೇ 30 ಬೈಟ್. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಹೆಸರಿಗೆ ಇರುವ ಮಿತಿ 63 ಬೈಟ್, ಅಂದರೆ 21 ಸಂಕೇತ. ಮೀರಿದರೆ ಅದು ಎರರ್ ಕೊಡುವುದಿಲ್ಲ. ಬಾಲ ಕತ್ತರಿಸಿ, ಒಂದು ನೋಟೀಸ್ ತೋರಿಸಿ ಮುಂದೆ ಹೋಗುತ್ತದೆ. ಉದ್ದನೆಯ ಎರಡು ಹೆಸರುಗಳು ಕೊನೆಯಲ್ಲಷ್ಟೇ ಬೇರೆಯಾಗಿದ್ದರೆ ಕತ್ತರಿಸಿದ ಮೇಲೆ ಎರಡೂ ಒಂದೇ. ಹೆಸರುಗಳನ್ನು ಮೋಟಾಗಿಡಿ.

ಇನ್ನೊಂದು, ಕಣ್ಣಿಗೆ ಕಾಣದ್ದು. ‘ಕೊ’ ಎಂಬುದನ್ನು ಯುನಿಕೋಡಿನಲ್ಲಿ ‘ಕ’ ಜೊತೆಗೆ ಒತ್ವದ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತೆರ. ಬೈಟುಗಳು ಬೇರೆ. ದೀರ್ಘದ ಚಿಹ್ನೆಗಳಿಗೂ ಇದೇ ಪಾಡು. ಆರ್ಗ್ಯುಮೆಂಟ್ ಪಟ್ಟಿಯಲ್ಲಿ ಒಂದು ಬಗೆ, ಸೂತ್ರದಲ್ಲಿ ಇನ್ನೊಂದು ಬಗೆ ಬಂದರೆ ವ್ಯಾಲಿಡೇಟರ್ “ಈ ಹೆಸರು ಇಲ್ಲ” ಎನ್ನುತ್ತದೆ, ಗುಮಾಸ್ತರು “ಇದೆಯಲ್ಲ!” ಎನ್ನುತ್ತಾರೆ, ಇಬ್ಬರೂ ಸರಿ. ಎರಡನ್ನೂ ಹೋಲಿಸುವ ಮೊದಲು ಯುನಿಕೋಡಿನ ಪ್ರಮಾಣಿತ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ‘ನಾರ್ಮಲೈಸ್’ ಎಂಬ ಫಂಕ್ಷನ್ನೇ ಇದೆ.

ಹಾಗೆಯೇ ಅಗಲವಿಲ್ಲದ ಜೋಡಕ-ಬೇರ್ಪಡಕ ಚಿಹ್ನೆಗಳು. ‘ಕ್ವಿಂಟಲ್‌ದರ’ ಎಂದು ಬರೆಯುವಾಗ ‘ಲ್’ ಆದಮೇಲೆ ಕೀಬೋರ್ಡ್ ಒಂದು ಅದೃಶ್ಯ ಸಂಕೇತ ಇಡುತ್ತದೆ. ಹೆಸರುಗಳಲ್ಲಿ ಇದನ್ನು ವ್ಯಾಲಿಡೇಟರ್‌ನಲ್ಲೇ ನಿರಾಕರಿಸುವುದು ನನ್ನ ಮಟ್ಟಿಗೆ ಸರಳ ದಾರಿ. ‘ಕ್ವಿಂಟಲ್_ದರ’ ಎಂದು ಅಡಿಗೆರೆ ಹಾಕಲಿ.

ಅಂಕಿಗಳ ವಿಷಯ. ಯಾರಾದರೂ 100ರ ಬದಲು ೧೦೦ ಎಂದು ಹೊಡೆದರೆ? ಕನ್ನಡ ಅಂಕಿಗಳ ಮೂರು ಬೈಟುಗಳಲ್ಲಿ ಮೊದಲೆರಡು ಯಾವಾಗಲೂ 224 ಮತ್ತು 179. ಮೂರನೆಯದು ೦ಗೆ 166, ೯ಕ್ಕೆ 175. ಮೂರನೆಯ ಬೈಟಿನಿಂದ 166 ಕಳೆದರೆ ಅಂಕಿ ಸಿಕ್ಕಿತು. ಹತ್ತು ಸಾಲಿನ ಕೋಡ್. ಇದನ್ನು ಬರೆಯದಿದ್ದರೆ ಪಾರ್ಸರ್ ೧೦೦ ಅನ್ನು ಹೆಸರು ಎಂದುಕೊಳ್ಳುತ್ತದೆ.

ಸಿ ಭಾಷೆಯ ‘ಈಸ್‌ಸ್ಪೇಸ್’, ‘ಈಸ್‌ಆಲ್ಫಾ’ಗಳಿಗೆ ಕನ್ನಡದ ಬೈಟನ್ನು ನೇರವಾಗಿ ಕೊಡಬೇಡಿ. ನಮ್ಮ ಬೈಟುಗಳೆಲ್ಲ 128 ಅಥವಾ ಅದಕ್ಕೆ ಮೇಲಿನವು, ಸಾಮಾನ್ಯ ‘ಚಾರ್’ನಲ್ಲಿ ಅವು ಋಣ ಸಂಖ್ಯೆಗಳಾಗಬಹುದು, ಆಗ ಏನಾಗುತ್ತದೆಂದು ಹೇಳಲಾಗದ ಸ್ಥಿತಿ ಬರುತ್ತದೆ. ‘ಅನ್‌ಸೈನ್ಡ್ ಚಾರ್’ ಮಾಡಿಕೊಳ್ಳಿ, ಮೇಲೆ ಹೇಳಿದ ಅಂಕಿಗಳನ್ನು ಬಿಟ್ಟರೆ 128 ಮತ್ತು ಅದಕ್ಕೆ ಮೇಲಿನದೆಲ್ಲ ಅಕ್ಷರ ಎಂದು ಪೋಸ್ಟ್‌ಗ್ರೆಸ್‌ನಂತೆಯೇ ಎಣಿಸಿ. ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಾದ ಸೂತ್ರವನ್ನು ವರ್ಡ್ ಫೈಲಿನಿಂದ ತಂದು ಅಂಟಿಸಿದರೆ ಕನ್ನಡವೇ ಉಳಿಯುವುದಿಲ್ಲ. ಅದಕ್ಕೆ ಹ್ಯಾಂಡ್ಲರಿನಲ್ಲಿ ಮದ್ದಿಲ್ಲ, ಮೊದಲೇ ಪರಿವರ್ತಿಸಿಕೊಳ್ಳಬೇಕು.

ಭಾಷೆ ಬೆಳೆದಾಗ: ಎಸ್‌ಪಿಐ ಮತ್ತು ಟ್ರಿಗರ್

ಇವತ್ತಲ್ಲ ನಾಳೆ “ಖರ್ಚಿನ ದರವನ್ನು ಟೇಬಲ್ಲಿನಿಂದಲೇ ಓದುವಂತಿರಲಿ” ಎಂಬ ಬೇಡಿಕೆ ಬರುತ್ತದೆ. ಹ್ಯಾಂಡ್ಲರಿನ ಒಳಗಿನಿಂದ ಎಸ್‌ಕ್ಯೂಎಲ್ ಓಡಿಸಲು ಇರುವ ಬಾಗಿಲು ಎಸ್‌ಪಿಐ: ‘ಎಸ್‌ಪಿಐ_ಕನೆಕ್ಟ್’ನಿಂದ ಒಳಗೆ, ‘ಎಸ್‌ಪಿಐ_ಫಿನಿಶ್’ನಿಂದ ಹೊರಗೆ. ಒಳಹೊಕ್ಕ ಕ್ಷಣ ಮೆಮೊರಿ ಕಾಂಟೆಕ್ಸ್ಟ್ ಬದಲಾಗುತ್ತದೆ. ಹೊರಬರುವಾಗ ಒಳಗೆ ಪಡೆದ ಮೆಮೊರಿಯೆಲ್ಲ ಮಾಯ. ನಿಮ್ಮ ಉತ್ತರದ ನ್ಯೂಮೆರಿಕ್ ಕೂಡ ಅದರ ಜೊತೆ ಹೋಗುತ್ತದೆ. ಆದ್ದರಿಂದ ಉತ್ತರವನ್ನು ಹೊರಗಿನ ಕಾಂಟೆಕ್ಸ್ಟಿಗೆ ಪ್ರತಿ ಮಾಡಿಯೇ ಫಿನಿಶ್ ಕರೆಯಬೇಕು.

ಟ್ರಿಗರ್ ಬೇಕೆನಿಸುವುದು ರಾಣೆಬೆನ್ನೂರಿನಂಥ ಕಡೆ. ಬೀಜದ ಲಾಟ್ ದಾಖಲಾಗುವಾಗಲೇ ಮೊಳಕೆ ಪ್ರಮಾಣ, ತೇವಾಂಶ ನೋಡಿ ತಡೆಯಬೇಕು. ಗೋವಿನಜೋಳಕ್ಕೆ ಒಂದು ಮಿತಿ, ಹತ್ತಿಗೆ ಇನ್ನೊಂದು. ಟ್ರಿಗರ್ ಕರೆಯಲ್ಲಿ ಆರ್ಗ್ಯುಮೆಂಟ್ ಅರೇ ಖಾಲಿ ಇರುತ್ತದೆ. ಎಫ್‌ಸಿಇನ್ಫೋದ ‘ಕಾಂಟೆಕ್ಸ್ಟ್’ ಜಾಗದಲ್ಲಿ ‘ಟ್ರಿಗರ್‌ಡೇಟಾ’ ಎಂಬ ರಚನೆ ಸಿಗುತ್ತದೆ, ಹಳೆಯ ಸಾಲು, ಹೊಸ ಸಾಲು ಎರಡೂ ಅದರಲ್ಲೇ. ಸಾಲು ಸೇರುವ ಮೊದಲು ಓಡುವ ಟ್ರಿಗರ್ ಖಾಲಿ ಪಾಯಿಂಟರ್ ಹಿಂತಿರುಗಿಸಿದರೆ ಆ ಸಾಲು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಇಲ್ಲಿ ‘ಈಸ್‌ನಲ್’ ಗುರುತನ್ನು ಹಾಕಬಾರದು, ಖಾಲಿ ಪಾಯಿಂಟರನ್ನೇ ಕೊಡಬೇಕು. ಕಳಪೆ ಲಾಟನ್ನು ಸದ್ದಿಲ್ಲದೆ ಬಿಡುವುದಕ್ಕಿಂತ ಎರರ್ ಎಸೆದು ತಿಳಿಸುವುದೇ ಮೇಲು, ಇಲ್ಲದಿದ್ದರೆ ಲಾಟ್ ಎಲ್ಲಿ ಹೋಯಿತೆಂದು ಹುಡುಕಾಟ ಶುರುವಾಗುತ್ತದೆ.

ಎಚ್ಚರಿಕೆ: ಎರರ್ ನುಂಗಬೇಡಿ

ಪೋಸ್ಟ್‌ಗ್ರೆಸ್‌ನಲ್ಲಿ ಎರರ್ ಎಂದರೆ ಸಿ ಭಾಷೆಯ ‘ಲಾಂಗ್‌ಜಂಪ್’. ಅದು ನಿಮ್ಮ ಫಂಕ್ಷನ್ನಿನ ಉಳಿದ ಸಾಲುಗಳನ್ನು ಹಾರಿ ನೇರ ಮೇಲಕ್ಕೆ ಹೋಗುತ್ತದೆ. ನಡುವೆ ‘ಮ್ಯಾಲಕ್’ನಿಂದ ಪಡೆದ ಮೆಮೊರಿ, ತೆರೆದ ಫೈಲು ಹಾಗೆಯೇ ಸೋರಿಹೋಗುತ್ತವೆ. ಅದಕ್ಕೇ ಎಲ್ಲೆಡೆ ‘ಪ್ಯಾಲಕ್’ ಬಳಸಬೇಕು, ಅದರ ಲೆಕ್ಕ ಡೇಟಾಬೇಸಿನದು. ‘ಪಿಜಿ_ಟ್ರೈ’, ‘ಪಿಜಿ_ಕ್ಯಾಚ್’ ಬಳಸಿ ಎರರನ್ನು ಹಿಡಿಯಬಹುದು. ಹಿಡಿದ ಮೇಲೆ ನಿಮ್ಮದನ್ನು ಸ್ವಚ್ಛ ಮಾಡಿ ಮತ್ತೆ ಎಸೆಯಬೇಕು. ಹಿಡಿದು, ಏನೂ ಆಗಿಲ್ಲವೆಂಬಂತೆ ಮುಂದುವರಿದರೆ ಅರ್ಧ ಮುಗಿದ ಕೆಲಸಗಳು ಒಳಗೆ ಉಳಿದು ಡೇಟಾ ಕೆಡಬಹುದು. ಮುಂದುವರಿಯಲೇಬೇಕೆಂದರೆ ಒಳಗೊಂದು ಸಬ್‌ಟ್ರಾನ್ಸಾಕ್ಷನ್ ತೆರೆದು, ತಪ್ಪಾದಾಗ ಅದನ್ನು ಹಿಂದಕ್ಕೆ ಸುತ್ತಬೇಕು. ಇದು ದುಬಾರಿ, ಆದರೆ ಬೇರೆ ದಾರಿಯಿಲ್ಲ.

ಥ್ರೆಡ್‌ಗಳೂ ಬೇಡ. ಪೋಸ್ಟ್‌ಗ್ರೆಸ್‌ನ ಪ್ರತಿ ಸಂಪರ್ಕಕ್ಕೂ ಒಂದು ಪ್ರೊಸೆಸ್, ಆ ಪ್ರೊಸೆಸ್ಸಿಗೆ ಒಂದೇ ಥ್ರೆಡ್ ಎಂಬ ನಂಬಿಕೆಯ ಮೇಲೆ ಒಳಗಿನ ಕೋಡೆಲ್ಲ ನಿಂತಿದೆ. ನಿಮ್ಮ ಇಂಟರ್‌ಪ್ರಿಟರ್ ಬೇರೆ ಥ್ರೆಡ್ ಹುಟ್ಟಿಸಿದರೂ ಅಲ್ಲಿಂದ ಪೋಸ್ಟ್‌ಗ್ರೆಸ್‌ನ ಯಾವ ಫಂಕ್ಷನ್ನನ್ನೂ ಕರೆಯುವಂತಿಲ್ಲ.

ಹ್ಯಾಂಡ್ಲರ್ ಒಮ್ಮೆ ಬರೆದಿಟ್ಟು ಮರೆಯುವ ವಸ್ತುವಲ್ಲ. 16ಕ್ಕೆ ಕಟ್ಟಿದ ಲೈಬ್ರರಿ 17ರಲ್ಲಿ ಲೋಡ್ ಆಗುವುದಿಲ್ಲ. ಸೋರ್ಸಿನ ಮೇಲ್ಭಾಗದಲ್ಲಿ ನೀವು ಹಾಕಿದ ‘ಪಿಜಿ_ಮಾಡ್ಯೂಲ್_ಮ್ಯಾಜಿಕ್’ ಎಂಬ ಗುರುತು ಆವೃತ್ತಿ ಹೊಂದದ್ದನ್ನು ಅಲ್ಲೇ ತಡೆಯುತ್ತದೆ. ಅಂಗಡಿಯ ಸರ್ವರನ್ನು ಹೊಸ ಆವೃತ್ತಿಗೆ ಏರಿಸುವ ಮೊದಲು ಹ್ಯಾಂಡ್ಲರನ್ನು ಆ ಆವೃತ್ತಿಯ ಮೇಲೆ ಕಂಪೈಲ್ ಮಾಡಿ, ಪರೀಕ್ಷೆಗಳನ್ನೆಲ್ಲ ಓಡಿಸಿ ನೋಡಿ. ಆ ಕೆಲಸವನ್ನು ಟೆಂಡರ್ ಇಲ್ಲದ ದಿನ ಇಟ್ಟುಕೊಳ್ಳಿ.